ನೆರೆ ಇಳಿದ ಮೇಲೆ ಮೊದಲ ಕೆಲಸ ಬಾವಿಯದ್ದು

2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿಯವರು ಆ ದಿನವನ್ನು ಮರೆಯಲಿಕ್ಕಿಲ್ಲ. ರಾತ್ರಿಯಿಡೀ ಸುರಿದ ಮಳೆಗೆ ಬೆಳಗಾಗುವಷ್ಟರಲ್ಲಿ ನಮ್ಮ ಹೊಳೆ ಸ್ವರ್ಣೆ ಉಕ್ಕಿದ್ದಳು. ಪೇಟೆಯೊಳಗೆ ಕಲ್ಸಂಕ, ಬೈಲಕೆರೆ ಎಲ್ಲ ನೀರು. ಕೃಷ್ಣಮಠದ ಪಾರ್ಕಿಂಗ್ ಜಾಗವೂ ಕೆರೆಯಾಗಿತ್ತು.

ಸ್ವರ್ಣೆಯ ದಂಡೆಯಲ್ಲಿರುವ ದೊಡ್ಡಮ್ಮನ ಮನೆಗೆ ನಾನು ಮುಟ್ಟಿದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ದೊಡ್ಡಮ್ಮ ಚಾವಡಿ ತಿಕ್ಕಿ ತೊಳೆದು ಆಗಿತ್ತು. ಪಾತ್ರೆಗಳೆಲ್ಲ ಜಗಲಿಯಲ್ಲಿ ಬೋರಲು ಬಿದ್ದಿದ್ದವು. ಯಾವ ನೀರಲ್ಲಿ ತೊಳೆದ್ರಿ ಅಂತ ಕೇಳಿದೆ. "ಬಾವಿ ನೀರು ಮಾರಾಯ, ಮತ್ತೆಂಥದು?" ಅಂದರು. ಬಾವಿಕಟ್ಟೆಯ ಮೇಲೆ ಎರಡಡಿ ನೀರು ಹರಿದು ಹೋಗಿತ್ತು. ಕೊಡಪಾನ ಎಳೆದು ನೋಡಿದರೆ ಚಹಾದ ಬಣ್ಣ, ಮೇಲೆ ಅಡಿಕೆ ಸಿಪ್ಪೆಯ ನಾರು, ಮೂಗಿಗೆ ದನದ ಹಟ್ಟಿಯ ವಾಸನೆ. ಆ ನೀರಲ್ಲಿ ತೊಳೆದ ಲೋಟದಲ್ಲೇ ನನಗೆ ಕಾಫಿ ಕೊಡಲು ಹೊರಟಿದ್ದರು.

ಅವರ ತಪ್ಪೇನಿಲ್ಲ. ನೀರು ಏರುವಾಗ ದೋಣಿ ಬರುತ್ತದೆ, ಎನ್‌ಡಿಆರ್‌ಎಫ್ ಬರುತ್ತದೆ, ಟಿವಿಯವರೂ ಬರುತ್ತಾರೆ. ನೀರು ಇಳಿದ ಮೇಲೆ ಏನು ಮಾಡಬೇಕೆಂದು ಹೇಳಲು ಯಾರೂ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚುಕಡಿಮೆ ಮನೆಗೊಂದು ಬಾವಿ. ಹಾಗಾಗಿ ಆಮೇಲಿನ ಕಾಯಿಲೆಗಳಿಗೆ ದೊಡ್ಡ ದಾರಿಯೂ ಅದೇ. ಅದಕ್ಕೇ ಈ ಲೇಖನ.

ಮನೆಗೆ ವಾಪಸ್ ಯಾವಾಗ?

ಅವಸರ ಬೇಡ. ಕಡಲು ಭರತದಲ್ಲಿದ್ದಾಗ ನದಿಯ ನೀರಿಗೆ ಹೋಗಲು ಜಾಗ ಇರುವುದಿಲ್ಲ. ಇಳಿತಕ್ಕೆ ಅಂಗಳ ಕಾಣಿಸುತ್ತದೆ, ಜನ ಹೋಗುತ್ತಾರೆ, ಮುಂದಿನ ಭರತಕ್ಕೆ ನೀರು ಮತ್ತೆ ಬರುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಎರಡು ಭರತ ಕಳೆದೂ ನೀರು ಏರದಿದ್ದರೆ, ಘಟ್ಟದ ಮೇಲೆ ಮಳೆಯೂ ಕಡಿಮೆಯಾಗಿದ್ದರೆ, ಆಗ ಹೊರಡಿ. ಕುದ್ರುಗಳಲ್ಲಿ, ಅಂದರೆ ಹೊಳೆ ನಡುವಿನ ದ್ವೀಪಗಳಲ್ಲಿ, ಇರುವವರಿಗೆ ಈ ಲೆಕ್ಕ ಗೊತ್ತೇ ಇದೆ. ಪೇಟೆಯಿಂದ ಬಂದು ಹೊಳೆ ಬದಿಯಲ್ಲಿ ಮನೆ ಕಟ್ಟಿದವರು ಅವರನ್ನು ಕೇಳುವುದು ಒಳ್ಳೆಯದು. ಅಲ್ಲಿಯವರೆಗೆ ಕಾಳಜಿ ಕೇಂದ್ರದಲ್ಲೇ ಇರಿ. ಮೊದಲು ಗಂಜಿ ಕೇಂದ್ರ ಅನ್ನುತ್ತಿದ್ದೆವಲ್ಲ, ಅದೇ. ಅಲ್ಲಿರಲು ನಾಚಿಕೆ ಪಡುವ ಹಿರಿಯರನ್ನು ನೋಡಿದ್ದೇನೆ. ಅದು ನಿಮ್ಮ ಹಕ್ಕು.

ಹೋದ ಕೂಡಲೇ ಒಳಗೆ ನುಗ್ಗಬೇಡಿ. ಮನೆಗೆ ಒಂದು ಸುತ್ತು ಬನ್ನಿ. ಹಳೆ ಹೆಂಚಿನ ಮನೆಯ ಮಣ್ಣಿನ ಗೋಡೆ ನೀರಿದ್ದಾಗ ನಿಂತೇ ಇರುತ್ತದೆ, ನೀರು ಇಳಿದು ಎರಡು ಮೂರು ದಿನಕ್ಕೆ ಕುಸಿಯುತ್ತದೆ. ಗೋಡೆಯ ಬುಡ ಕೊರೆದು ಹೋಗಿದೆಯೇ, ಹೊಸ ಬಿರುಕು ಬಂದಿದೆಯೇ, ಮಾಡು ಒಂದು ಕಡೆ ವಾಲಿದೆಯೇ ನೋಡಿ. ಸ್ವಲ್ಪ ಅನುಮಾನ ಬಂದರೂ ಆ ಕೋಣೆಯಲ್ಲಿ ಮಲಗಬೇಡಿ.

ಹಿಡಿಸೂಡಿ ಹಿಡಿಯುವ ಮೊದಲು ಫೋನ್ ಹಿಡಿಯಿರಿ

ಕೆಸರು ತೆಗೆಯುವ ಮೊದಲು ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗುರುತು ಒಂದು ಗೆರೆಯ ಹಾಗೆ ಇರುತ್ತದೆ. ಅದರ ಪಕ್ಕ ಒಬ್ಬರನ್ನು ನಿಲ್ಲಿಸಿ. ಆಗ ನೀರು ಎಷ್ಟೆತ್ತರಕ್ಕೆ ಬಂದಿತ್ತೆಂದು ಬಾಯಲ್ಲಿ ಹೇಳಬೇಕಾಗಿಲ್ಲ. ಅಕ್ಕಿಮುಡಿ, ಮಂಚ, ಫ್ರಿಜ್ಜು, ಹಟ್ಟಿ, ತೋಟ, ಬಾವಿಕಟ್ಟೆ, ಎಲ್ಲದರ ಫೋಟೊ ಬೇಕು. ಸತ್ತ ದನವನ್ನು ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ. ಅವರ ಪೋಸ್ಟ್‌ಮಾರ್ಟಂ ವರದಿ ಇಲ್ಲದೆ ಪರಿಹಾರ ಸಿಗುವುದು ಕಷ್ಟ. ದೊಡ್ಡಮ್ಮ ಎಲ್ಲವನ್ನೂ ಚೊಕ್ಕ ಮಾಡಿ ಮುಗಿಸಿದ್ದರು. ಆರು ದಿನ ಬಿಟ್ಟು ಪರಿಶೀಲನೆಗೆ ಬಂದವರು "ನೀರು ಎಲ್ಲಿವರೆಗೆ ಬಂದಿತ್ತು?" ಅಂತ ಕೇಳಿದಾಗ ತೋರಿಸಲು ಒಂದು ಕಲೆಯೂ ಉಳಿದಿರಲಿಲ್ಲ. ಅವರು ಬರೆದುಕೊಂಡದ್ದು "ಅಲ್ಪ ಹಾನಿ". ಅಚ್ಚುಕಟ್ಟಾಗಿ ಮನೆ ಇಟ್ಟುಕೊಂಡದ್ದಕ್ಕೆ ಶಿಕ್ಷೆ ಆದ ಹಾಗೆ ಆಯಿತು. ಅದು ನನಗೆ ಇವತ್ತಿಗೂ ನೋವು.

ಕರೆಂಟಿನ ವಿಷಯ ಚಿಕ್ಕದು, ಆದರೆ ಜೀವದ್ದು. ಒದ್ದೆ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ. ಮೀಟರ್ ಬೋರ್ಡಿಗೆ ನೀರು ತಾಗಿದ್ದರೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ಫ್ರಿಜ್ಜು, ಪಂಪು, ಮಿಕ್ಸಿ ಯಾವುದನ್ನೂ "ಒಮ್ಮೆ ಆನ್ ಮಾಡಿ ನೋಡುವ" ಅನ್ನಬೇಡಿ. ಬೈಕಿನದ್ದೂ ಹಾಗೇ. ನೀರು ಕುಡಿದ ಇಂಜಿನ್ನಿಗೆ ಕಿಕ್ ಹೊಡೆಯದೆ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗಿ. ಗ್ಯಾಸ್ ವಾಸನೆ ಬಂದರೆ ಹೊರಗೆ ಬಂದು 1906ಕ್ಕೆ ಫೋನ್. ಕೆಸರಿನಲ್ಲಿ, ಕಟ್ಟಿಗೆ ರಾಶಿಯಲ್ಲಿ, ಅಟ್ಟದಲ್ಲಿ ಹಾವು ಸೇರಿಕೊಂಡಿರುತ್ತದೆ. ಕೈ ಹಾಕುವ ಮೊದಲು ಕೋಲು ಹಾಕಿ.

ಈಗ ಬಾವಿ

ನೆರೆ ನೀರಿನಲ್ಲಿ ಬರುವುದು ಬರೀ ಮಣ್ಣಲ್ಲ. ಹಟ್ಟಿ, ಗೊಬ್ಬರ ಗುಂಡಿ, ಕಕ್ಕಸು ಗುಂಡಿ ಎಲ್ಲ ಸೇರಿ ಬಂದಿರುತ್ತದೆ. ಬಾವಿಗೂ ಕಕ್ಕಸು ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಇರಬೇಕು ಅನ್ನುತ್ತಾರೆ. ಐದು ಸೆಂಟ್ಸ್ ಜಾಗದಲ್ಲಿ ಅದೆಲ್ಲಿ ಸಾಧ್ಯ, ಅಲ್ವಾ? ಅದಲ್ಲದೆ ನಮ್ಮ ನೆಲದ ಕೆಂಪು ಮುರಕಲ್ಲಿನಲ್ಲಿ ತೂತುಗಳೇ ಜಾಸ್ತಿ, ನೀರು ಸುಲಭವಾಗಿ ಒಸರುತ್ತದೆ. ಹಾಗಾಗಿ ಕಟ್ಟೆ ಮುಳುಗದೇ ಇದ್ದರೂ, ಅಕ್ಕಪಕ್ಕ ನೀರು ನಿಂತಿದ್ದರೆ ನಿಮ್ಮ ಬಾವಿಯೂ ಕೆಟ್ಟಿದೆ ಅಂತಲೇ ತಿಳಿಯಿರಿ.

ಮೊದಲು ತೇಲುವ ಕಸ, ಎಲೆ, ಸತ್ತ ಇಲಿ ಇದ್ದರೆ ಅದನ್ನು ಬುಟ್ಟಿಯಲ್ಲಿ ಮೇಲೆತ್ತಿ. ನೀರು ರಾಡಿಯಾಗಿದ್ದರೆ ಪಂಪು ಹಾಕಿ ಸ್ವಲ್ಪ ಸ್ವಲ್ಪ ತೆಗೆದು, ಹೊಸ ಒಸರು ಬರಲು ಬಿಡಿ. ಪೂರ್ತಿ ಖಾಲಿ ಮಾಡುವ ಹಟ ಮಾತ್ರ ಬೇಡ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿದೆ. ಒಳಗೆ ಒಮ್ಮೆಲೇ ಖಾಲಿಯಾದರೆ ಬಾವಿಯ ಗೋಡೆ ಒಳಕ್ಕೆ ಕುಸಿಯಬಹುದು. ಯಾರೂ ಬಾವಿಗೆ ಇಳಿಯಬಾರದು. ಕೆಳಗೆ ಗಾಳಿ ಕೆಟ್ಟಿರುತ್ತದೆ, ಒಬ್ಬ ಬಿದ್ದರೆ ಕಾಪಾಡಲು ಹೋದ ಇನ್ನೊಬ್ಬನೂ ಹೋಗುತ್ತಾನೆ. ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸುವುದಂತೂ ಬೇಡವೇ ಬೇಡ.

ನೀರು ತಿಳಿಯಾಗುವವರೆಗೆ ಕಾಯಿರಿ. ರಾಡಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕೆಸರೇ ಅದರ ಶಕ್ತಿಯನ್ನೆಲ್ಲ ತಿಂದುಬಿಡುತ್ತದೆ.

ಎಷ್ಟು ಹಾಕಬೇಕು? ಹೆಚ್ಚಿನವರು ಇಲ್ಲೇ ಎಡವುವುದು. ಒಂದು ಮುಷ್ಟಿ ಬಿಸಾಡಿ ಬಂದರೆ ಆಗಲಿಲ್ಲ, ಅಳತೆ ಮಾಡಬೇಕು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆಯಿರಿ. ಒಣ ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ ಎಳೆಯಿರಿ, ಒದ್ದೆಯಾದಷ್ಟು ಉದ್ದವೇ ನೀರಿನ ಆಳ. ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಅಷ್ಟು ಲೀಟರ್ ನೀರು. 3 ಮೀಟರ್ ಅಗಲದ, 5 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 35,000 ಲೀಟರ್ ಆಯಿತು. ಮಾಮೂಲು ದಿನದಲ್ಲಿ 1,000 ಲೀಟರಿಗೆ 2.5 ಗ್ರಾಂ ಸಾಕು. ನೆರೆ ಬಂದ ಮೇಲೆ ಅದರ ಎರಡರಷ್ಟು, ಅಂದರೆ 5 ಗ್ರಾಂ. ಈ ಬಾವಿಗೆ ಸುಮಾರು 175 ಗ್ರಾಂ. ಚಮಚದ ಲೆಕ್ಕ ಬೇಡ, ಹತ್ತಿರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಪೌಡರ್ ಹೊಸದಾಗಿರಲಿ. ಹೊಸದರಲ್ಲಿ ಕ್ಲೋರಿನ್ ಸುಮಾರು 33 ಪರ್ಸೆಂಟ್ ಇರುತ್ತದೆ. ಬಾಯಿ ತೆರೆದು ಇಟ್ಟ ಹಳೆಯ ಪ್ಯಾಕೆಟಿನಲ್ಲಿ ಏನೂ ಉಳಿದಿರುವುದಿಲ್ಲ. ಮೂಗಿಗೆ ಘಾಟು ಹೊಡೆಯದಿದ್ದರೆ ಆ ಪೌಡರ್ ಬಿಟ್ಟುಬಿಡಿ.

ಸಂಜೆ ಹೊತ್ತು, ಎಲ್ಲರ ಬಳಕೆ ಮುಗಿದ ಮೇಲೆ ಶುರು ಮಾಡಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್. ಪ್ಲಾಸ್ಟಿಕ್ ಬಕೆಟ್ಟಿಗೆ ಪೌಡರ್ ಹಾಕಿ, ಸ್ವಲ್ಪವೇ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಜಾಸ್ತಿ ಬೇಡ, ನಮ್ಮ ಲೆಕ್ಕದ 175 ಗ್ರಾಂಗೆ ಎರಡು ಬಕೆಟ್ ಬೇಕು. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಕದಡಿ, ಹತ್ತು ನಿಮಿಷ ಸುಮ್ನೆ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಳ್ಳಿ. ಆ ಸುಣ್ಣವನ್ನು ಬಾವಿಗೆ ಹಾಕಬೇಡಿ, ನೀರು ಗಡುಸಾಗುತ್ತದೆ.

ಈಗ ತಿಳಿ ಇರುವ ಬಕೆಟ್ಟಿಗೆ ಹಗ್ಗ ಕಟ್ಟಿ ಬಾವಿಗೆ ಇಳಿಸಿ. ಮೇಲಿನಿಂದ ಸುರಿದುಬಿಟ್ಟರೆ ಮದ್ದು ಮೇಲೆಯೇ ಉಳಿಯುತ್ತದೆ. ಬಕೆಟ್ ನೀರಿನೊಳಗೆ ಮುಳುಗಿ ಸ್ವಲ್ಪ ಕೆಳಗೆ ಹೋಗಲಿ. ಆಮೇಲೆ ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಆಡಿಸಿ, ಮಜ್ಜಿಗೆ ಕಡೆದ ಹಾಗೆ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ಇಡೀ ರಾತ್ರಿ ಬಿಡುವುದು ಇನ್ನೂ ಒಳ್ಳೆಯದು. ಬೆಳಿಗ್ಗೆ ಕ್ಲೋರಿನ್ನಿನ ತೆಳು ವಾಸನೆ ಬರಬೇಕು. ಬರದಿದ್ದರೆ ಮತ್ತೊಮ್ಮೆ ಮಾಡಿ. ಪಂಚಾಯಿತಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ. ಇಷ್ಟಾದರೂ ಮಳೆಗಾಲ ಮುಗಿಯುವವರೆಗೆ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಬಿಸಿ ಮಾಡಿದರೆ ಸಾಲದು, ಗುಳುಗುಳು ಕುದಿಯಬೇಕು. ಹೊಳೆಬಾಗಿಲಿನ ಕಡೆ ಉಪ್ಪುನೀರು ನುಗ್ಗಿದ ಬಾವಿಗೆ ಮಾತ್ರ ಇದು ಮದ್ದಲ್ಲ. ಬ್ಲೀಚಿಂಗ್ ಕ್ರಿಮಿ ಕೊಲ್ಲುತ್ತದೆ, ಉಪ್ಪು ತೆಗೆಯುವುದಿಲ್ಲ.

ನೆಲಕ್ಕೆ ಬೇರೆ ಅಳತೆ. ಒಂದು ಲೀಟರ್ ನೀರಿಗೆ 30 ಗ್ರಾಂ, ಅಂದಾಜು ಆರು ಚಮಚ. ಕೆಸರು ತೆಗೆದ ಮೇಲೆ ಇದರ ತಿಳಿ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಆ್ಯಸಿಡ್, ಕಕ್ಕಸು ತೊಳೆಯುವ ದ್ರಾವಣದ ಜೊತೆ ಬೆರೆಸಬೇಡಿ, ವಿಷದ ಹೊಗೆ ಏಳುತ್ತದೆ.

ಜ್ವರ ಬಂದರೆ

ಇಲಿ ಜ್ವರ ಉಡುಪಿ, ದಕ್ಷಿಣ ಕನ್ನಡ, ನಮ್ಮ ಎರಡೂ ಜಿಲ್ಲೆಗಳಿಗೆ ಹೊಸದಲ್ಲ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ, ಬಿರಿದ ಹಿಮ್ಮಡಿಯಿಂದ ಒಳಗೆ ಹೋಗುತ್ತದೆ. ಗದ್ದೆಗೆ ಬರಿಗಾಲಲ್ಲಿ ಇಳಿದೇ ಅಭ್ಯಾಸ, ಗೊತ್ತು. ಆದರೆ ಈ ಕೆಸರಿಗೆ ಗಂಬೂಟು ಬೇಕೇ ಬೇಕು. ಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ ಕಾಣಿಸುತ್ತದೆ. ಅಷ್ಟರಲ್ಲಿ ನೆರೆಯೇ ಮರೆತು ಹೋಗಿರುತ್ತದೆ, ಅದೇ ತೊಂದರೆ. ಮೀನಖಂಡದಲ್ಲಿ ವಿಪರೀತ ನೋವು, ಕೆಂಪು ಕಣ್ಣು, ಮೂತ್ರ ಕಡಿಮೆ ಆಗುವುದು ಇದ್ದರೆ ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ "ನೆರೆ ಕೆಸರಿನಲ್ಲಿ ಕೆಲಸ ಮಾಡಿದ್ದೆ" ಎಂದು ಬಾಯಿಬಿಟ್ಟು ಹೇಳಿ. ದಿನಗಟ್ಟಲೆ ಕೆಸರು ತೆಗೆಯುವವರು ಮುಂಚೆಯೇ ಆರೋಗ್ಯ ಕೇಂದ್ರದಲ್ಲಿ ಇಲಿ ಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಕೇಳಿ. ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಿ.

ಪರಿಹಾರದ ಅರ್ಜಿ

ಹೋಗಬೇಕಾದದ್ದು ಗ್ರಾಮಕರಣಿಕರ ಹತ್ತಿರ. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. ಆಧಾರ್, ಪಾಸ್‌ಬುಕ್, ಆರ್‌ಟಿಸಿ (ಪಹಣಿ) ಮತ್ತು ಆ ಫೋಟೊಗಳು ಬೇಕು. ಕಾಗದಪತ್ರ ಒದ್ದೆಯಾಗಿದ್ದರೆ ಹಾಳೆ ಬಿಡಿಸಲು ಎಳೆಯಬೇಡಿ, ನೆರಳಲ್ಲಿ ಒಣಗಿಸಿ. ಆರ್‌ಟಿಸಿ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಮಹಜರಿನಲ್ಲಿ ಏನು ಬರೆದಿದ್ದಾರೆಂದು ಓದದೆ ಸಹಿ ಹಾಕಬೇಡಿ.

2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೊತ್ತುಮಾಡಿದ ದರದಲ್ಲಿ, ಬಯಲು ಪ್ರದೇಶದಲ್ಲಿ ಪೂರ್ತಿ ಹೋದ ಮನೆಗೆ 1,20,000 ರೂಪಾಯಿ. ಸ್ವಲ್ಪ ಭಾಗ ಹಾಳಾದ ಪಕ್ಕಾ ಮನೆಗೆ 6,500. ಎರಡು ದಿನಕ್ಕಿಂತ ಜಾಸ್ತಿ ಮನೆಯಲ್ಲಿ ನೀರು ನಿಂತಿದ್ದರೆ ಬಟ್ಟೆಗೆ 2,500, ಪಾತ್ರೆಗೆ 2,500. ಹಾಲು ಕೊಡುವ ದನ ಸತ್ತರೆ 37,500. ಅಡಿಕೆ, ತೆಂಗಿನಂಥ ಬೆಳೆಗೆ ಹೆಕ್ಟೇರಿಗೆ 22,500, ಅದೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಷ್ಟವಾದರೆ. ಲೆಕ್ಕ ಹಾಕಿದರೆ ಒಂದು ಎಕ್ರೆ ತೋಟಕ್ಕೆ ಒಂಬತ್ತು ಸಾವಿರ ಚಿಲ್ಲರೆ. ಸತ್ತ ಅಡಿಕೆ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಈ ಹಣ ಯಾವ ಮೂಲೆಗೂ ಸಾಲದು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆದರೂ ಬಿಡಬೇಡಿ. ದರ ಆಗಾಗ ಬದಲಾಗುತ್ತದೆ, ರಾಜ್ಯ ಸರಕಾರ ಕೆಲವೊಮ್ಮೆ ಮೇಲಿಂದ ಸೇರಿಸುತ್ತದೆ. ಸದ್ಯದ ದರವನ್ನು ತಾಲೂಕು ಕಚೇರಿಯಲ್ಲಿ ಕೇಳಿ. ತುರ್ತಿಗೆ ಜಿಲ್ಲೆಯ ಕಂಟ್ರೋಲ್ ರೂಮಿನ ನಂಬರು 1077.

ಸಹಾಯ ಮಾಡಲು ಹೊರಟವರಿಗೆ

ಹಳೆ ಬಟ್ಟೆಯ ಮೂಟೆ ಕಳಿಸಬೇಡಿ. ಮಳೆಯಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಹೊಸ ಒಳಬಟ್ಟೆ, ನೈಟಿ, ಲುಂಗಿ, ಪ್ಯಾಡು, ಸೊಳ್ಳೆಪರದೆ, ಚಾಪೆ ಕೊಡಿ. ಅಕ್ಕಿ ಕೊಡುವುದಾದರೆ ಕುಚ್ಚಲಕ್ಕಿ ಕೊಡಿ. ಬೆಳ್ತಿಗೆ ಅಕ್ಕಿಯ ಗಂಜಿ ನಮ್ಮ ಹಿರಿಯರ ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಹಿಡಿಸೂಡಿ, ಸಲಿಕೆ, ಬಕೆಟ್, ಗಂಬೂಟು, ಬ್ಲೀಚಿಂಗ್ ಪೌಡರ್, ಮತ್ತು ಬೆನ್ನು ಬಗ್ಗಿಸಿ ಕೆಸರು ತೆಗೆಯಲು ನಾಲ್ಕು ಜನ. ಮೊದಲ ದಿನ ಎಲ್ಲರೂ ಹೋಗುತ್ತಾರೆ. ನೀವು ಎರಡನೇ ವಾರ ಹೋಗಿ. ಹೋಗುವ ಮುಂಚೆ ಫೋನ್ ಮಾಡಿ, ಏನು ಬೇಕು ಎಂದು ಅವರನ್ನೇ ಕೇಳಿ. ನಾನು ಹಾಗೆ ಕೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಹೇಳಿದ್ದು ಒಂದೇ, "ಬಾವಿಗೆ ಒಂದು ಹೊಸ ಹಗ್ಗ ತಾ."