ಹೊಸ ಕಾಲದ ಎಂಜಿನ್: ಗ್ಯಾರೇಜ್ ಬಿಲ್ ಹಿಡಿತದಲ್ಲಿಡುವುದು ಹೇಗೆ?

"ಹಳೇ ಎಂಜಿನ್‌ಗಳೇ ಗಟ್ಟಿ, ಈಗಿನವು ಬರೀ ಸೆನ್ಸರ್ ಗೂಡು" ಅನ್ನುವ ಮಾತು ಯಾವ ಗ್ಯಾರೇಜಿಗೆ ಹೋದರೂ ಕಿವಿಗೆ ಬೀಳುತ್ತದೆ. ಅರ್ಧ ನಿಜ, ಅರ್ಧ ಹಳೇ ಪ್ರೀತಿ. ಹಿಂದಿನ ಎಷ್ಟೋ ಕಾರುಗಳ ಓಡೋಮೀಟರ್‌ನಲ್ಲಿ ಐದೇ ಅಂಕಿ ಇರುತ್ತಿತ್ತು. 99,999 ದಾಟಿದರೆ ಮತ್ತೆ ಸೊನ್ನೆ! ಈಗ ಸರಿಯಾಗಿ ನೋಡಿಕೊಂಡ ಎಂಜಿನ್ 2 ಲಕ್ಷ ಕಿ.ಮೀ. ದಾಟುವುದು ವಿಶೇಷವೇನಲ್ಲ. ಎಂಜಿನ್‌ನ ಮುಖ್ಯ ಭಾಗಗಳಾದ ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಸುಲಭಕ್ಕೆ ಸವೆಯುವುದಿಲ್ಲ. ಕೈಕೊಡುವುದು ಅವುಗಳ ಸುತ್ತ ಇರುವ ಸಾಮಾನು: ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಟರ್ಬೊ, ಇಂಧನ ಸಿಂಪಡಿಸುವ ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಪ್ಲಾಸ್ಟಿಕ್ಕಿನ ಥರ್ಮೋಸ್ಟಾಟ್ ಹೌಸಿಂಗ್. ಇವು ಕೆಟ್ಟಾಗ ಸುಮ್ನೆ ಕೆಡುವುದಿಲ್ಲ, ಗಟ್ಟಿಯಿದ್ದ ಬ್ಲಾಕನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತವೆ.

ಹಾಗಾಗಿ ದೊಡ್ಡ ಬಿಲ್ಲಿನ ಹಿಂದೆ ಹೆಚ್ಚಾಗಿ ಒಂದು ಸಣ್ಣ ಕೆಲಸ ತಪ್ಪಿಹೋಗಿರುತ್ತದೆ. ಆ ಸಣ್ಣ ಕೆಲಸ ಯಾವುದು ಅನ್ನುವುದು ಒಂದೊಂದು ಎಂಜಿನ್‌ಗೆ ಒಂದೊಂದು. ಅದನ್ನು ಮೊದಲೇ ಕಂಡುಹಿಡಿದುಕೊಳ್ಳುವ ದಾರಿ ಇಲ್ಲಿದೆ.

ಹೆಜ್ಜೆ 1: ಕಂಪನಿ ಹೆಸರು ಬಿಡಿ, ಎಂಜಿನ್ ಕೋಡ್ ಹಿಡಿಯಿರಿ

"ಆ ಕಂಪನಿ ಗಾಡಿ ಕಣ್ಣುಮುಚ್ಚಿ ತಗೊಳ್ಳಬಹುದು" ಅನ್ನುವುದು ಕೆಲಸಕ್ಕೆ ಬಾರದ ಸಲಹೆ. ಗಟ್ಟಿತನಕ್ಕೆ ಹೆಸರಾದ ಟೊಯೋಟಾ ಕಂಪನಿಯೇ 2024ರಲ್ಲಿ ಅಮೆರಿಕದಲ್ಲಿ ಸುಮಾರು 1 ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಯಿತು. ಅವುಗಳ ವಿ6 ಟರ್ಬೊ ಎಂಜಿನ್‌ನೊಳಗೆ ತಯಾರಿಕೆಯ ವೇಳೆ ಲೋಹದ ಚೂರು ಉಳಿದಿರುವ ಸಾಧ್ಯತೆ ಇತ್ತು. ಹುಂಡೈನ ಥೀಟಾ-2 ಎಂಜಿನ್‌ಗೆ 2015ರಲ್ಲಿ ಶುರುವಾದ ರೀಕಾಲ್ ಕೂಡ ಇಂಥದ್ದೇ ಲೋಹದ ಚೂರಿನ ಕತೆ. ಇದೇ ಕಂಪನಿಗಳ ಬೇರೆ ಎಂಜಿನ್‌ಗಳು ಯಾವ ತಂಟೆಯೂ ಇಲ್ಲದೆ ಓಡುತ್ತಿವೆ.

ಆದ್ದರಿಂದ ಮೊದಲು ಎಂಜಿನ್ ಕೋಡ್, ಅಂದರೆ ಎಂಜಿನ್ ಯಾವ ಮಾದರಿಯದು ಎಂದು ಹೇಳುವ ಗುರುತು, ಬರೆದುಕೊಳ್ಳಿ. ಗಾಡಿ ದಾಖಲೆಯಲ್ಲೋ, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲೋ, ಬ್ಲಾಕಿನ ಮೇಲೆ ಕೊರೆದೋ ಇರುತ್ತದೆ. ಸಿಗದಿದ್ದರೆ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಆಮೇಲೆ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿ. ಟೈಮಿಂಗ್‌ಗೆ ಬೆಲ್ಟ್ ಇದೆಯಾ, ಚೈನ್ ಇದೆಯಾ? ಇಂಧನ ಎಲ್ಲಿಗೆ ಸಿಂಪಡಣೆಯಾಗುತ್ತದೆ? ಟರ್ಬೊ ಇದೆಯಾ? ರೀಕಾಲ್ ಅಥವಾ ಹೆಚ್ಚುವರಿ ವಾರಂಟಿ ಏನಾದರೂ ಬಂದಿದೆಯಾ?

ಹೆಜ್ಜೆ 2: ಟೈಮಿಂಗ್ ಕೆಲಸಕ್ಕೆ ತಾರೀಕು ಗೊತ್ತು ಮಾಡಿ

ಪಿಸ್ಟನ್ ತಿರುಗಿಸುವ ಕ್ರ್ಯಾಂಕು ಮತ್ತು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟು ಹೊಂದಿಕೊಂಡು ತಿರುಗುವಂತೆ ಮಾಡುವುದು ಟೈಮಿಂಗ್ ಬೆಲ್ಟ್ ಅಥವಾ ಚೈನ್. ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್‌ನ ಮೇಲ್ಭಾಗವಾದ ಹೆಡ್ ಬಿಚ್ಚಲೇಬೇಕು.

ಒಣ ಬೆಲ್ಟ್ ಆದರೆ ತಲೆನೋವು ಕಮ್ಮಿ. ಕೈಪಿಡಿಯಲ್ಲಿ ಕಿ.ಮೀ. ಮತ್ತು ವರ್ಷ ಎರಡೂ ಕೊಟ್ಟಿರುತ್ತಾರೆ. ಯಾವುದು ಮೊದಲು ಬರುತ್ತದೋ ಆಗ ಬದಲಿಸಿ. ಗಾಡಿ ಹೆಚ್ಚು ಓಡಿಲ್ಲ ಅಂತ ವರ್ಷದ ಲೆಕ್ಕ ಮರೆಯುವವರೇ ಜಾಸ್ತಿ. ಆದರೆ ರಬ್ಬರ್‌ಗೆ ವಯಸ್ಸಾಗುತ್ತದೆ, ಅಲ್ವಾ? ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುವುದಾದರೆ ಅದನ್ನೂ ಆಗಲೇ ಹಾಕಿಸಿ.

ಚೈನ್ "ಜೀವಮಾನಕ್ಕೆ" ಅನ್ನುತ್ತಾರೆ. ಯಾರ ಜೀವಮಾನ ಅಂತ ಮಾತ್ರ ಹೇಳುವುದಿಲ್ಲ. ಚೈನು ಕಡಿಯುವುದಕ್ಕಿಂತ ಸವೆದು ಉದ್ದವಾಗುವುದು, ಟೆನ್ಷನರ್ ಸೋಲುವುದು ಹೆಚ್ಚು. ಇದನ್ನು ಕಿವಿಯಿಂದಲೇ ಹಿಡಿಯಬಹುದು. ರಾತ್ರಿಯೆಲ್ಲ ನಿಂತ ಗಾಡಿಯ ಬಾನೆಟ್ ಎತ್ತಿ, ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ, ಚೈನ್ ಇರುವ ಕಡೆ ನಿಂತು ಕೇಳಿ. ಮೊದಲ ಒಂದೆರಡು ಸೆಕೆಂಡ್ ಗಲಗಲ ಅಂದು ಆಮೇಲೆ ಸದ್ದಡಗಿದರೆ ಟೆನ್ಷನರ್‌ಗೆ ಆಯಿಲ್ ಪ್ರೆಷರ್ ತಡವಾಗಿ ಸಿಗುತ್ತಿದೆ ಎಂದು ಅನುಮಾನ ಪಡಬೇಕು. ಬಿಸಿ ಎಂಜಿನ್‌ನಲ್ಲಿ ಈ ಸದ್ದು ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಎಂಜಿನ್ ಮೊದಲೇ ಬಿಸಿ ಮಾಡಿಟ್ಟಿದ್ದರೆ, ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಬನ್ನಿ.

ಚೈನ್ ಎಂಜಿನ್‌ನ ಮುಂದಿದೆಯೋ ಹಿಂದಿದೆಯೋ ಅದನ್ನೂ ತಿಳಿದುಕೊಳ್ಳಿ. ಆಡಿ ಕಂಪನಿಯ ಒಂದು ತಲೆಮಾರಿನ 4.2 ಲೀಟರ್ ವಿ8ನಲ್ಲಿ ಚೈನ್‌ಗಳು ಗೇರ್‌ಬಾಕ್ಸ್ ಕಡೆಗಿವೆ. ಚೈನನ್ನು ದಾರಿಯಲ್ಲಿ ಹಿಡಿದಿಡುವ ಗೈಡ್ ಸವೆದರೆ ಎಂಜಿನ್ ಇಳಿಸಿಯೇ ಕೆಲಸ. ಸಾಮಾನಿಗಿಂತ ಲೇಬರ್ ಜಾಸ್ತಿ ಆಗುವುದು ಹೀಗೆ. "ಈ ಪಾರ್ಟ್ ಎಷ್ಟು?" ಎಂದು ಕೇಳುವುದರ ಜೊತೆಗೆ "ಎಷ್ಟು ಗಂಟೆ ಕೆಲಸ?" ಎಂದೂ ಕೇಳಿ.

ಮೂರನೆಯದು ಆಯಿಲ್‌ನಲ್ಲೇ ಮುಳುಗಿ ತಿರುಗುವ ಬೆಲ್ಟ್, ವೆಟ್ ಬೆಲ್ಟ್. ಸದ್ದು ಮತ್ತು ಘರ್ಷಣೆ ಕಡಿಮೆ ಮಾಡಲು ಬಂದದ್ದು. ನನ್ನ ಪ್ರಕಾರ ಈಚಿನ ವರ್ಷಗಳ ಅತಿ ದುಬಾರಿ ಜಾಣತನ ಇದೇ. ಸಣ್ಣ ಸಣ್ಣ ಓಡಾಟದಲ್ಲಿ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ, ಅದರಿಂದ ಬೆಲ್ಟ್ ಉಬ್ಬಿ ಅಂಚು ಪುಡಿಯಾಗುತ್ತದೆ. ಆ ಪುಡಿ ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಬೆಲ್ಟ್ ತುಂಡಾಗದೆಯೇ ಎಂಜಿನ್ ಸೀಜ್ ಆಗಬಹುದು! ಪ್ಯೂಜೊ, ಸಿಟ್ರೊಯೆನ್ ಗಾಡಿಗಳ ಪಿಎಸ್‌ಎ ಗುಂಪಿನ 1.2 ಪ್ಯೂರ್‌ಟೆಕ್ ಎಂಜಿನ್‌ನ ದೂರುಗಳು ಎಷ್ಟಾದವೆಂದರೆ, 2024ರಲ್ಲಿ ಪಿಎಸ್‌ಎ ಸೇರಿಕೊಂಡ ಸ್ಟೆಲಾಂಟಿಸ್ ಕಂಪನಿ ಯುರೋಪಿನಲ್ಲಿ ವಾರಂಟಿಯನ್ನು 10 ವರ್ಷ ಅಥವಾ 1,75,000 ಕಿ.ಮೀ.ವರೆಗೆ ಹೆಚ್ಚಿಸಬೇಕಾಯಿತು. ನಿಮ್ಮದು ವೆಟ್ ಬೆಲ್ಟ್ ಆದರೆ ಹೇಳಿದ ಗ್ರೇಡಿನ ಆಯಿಲ್ ಬಿಟ್ಟು ಬೇರೆ ಹಾಕಬೇಡಿ, ಬೆಲ್ಟನ್ನು ಗಡುವಿಗೆ ಮುಂಚೆಯೇ ಬದಲಿಸಿ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಹಾಕುವ ಬಾಯಿಯಿಂದಲೇ ಬೆಲ್ಟ್ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ: ಬಿರುಕು, ನಾರು ಎದ್ದ ಅಂಚು ಕಂಡರೆ ಕಾಯಬೇಡಿ.

ಹೆಜ್ಜೆ 3: ಆಯಿಲ್ ಗಡುವು ಅರ್ಧ ಮಾಡಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. 15,000, ಕೆಲವೆಡೆ 30,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸಿದರೆ ಸಾಕು ಎನ್ನುತ್ತಾರೆ. ಹೊಸ ಗಾಡಿಯ ಮೊದಲ ಕೆಲವು ವರ್ಷದ ಖರ್ಚು ಕಮ್ಮಿ ಕಾಣಲು ಆ ಲೆಕ್ಕ ಸರಿ. ಗಾಡಿಯನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ ಅಲ್ಲ. ಕೈಪಿಡಿಯಲ್ಲೇ ಸಣ್ಣ ಅಕ್ಷರದಲ್ಲಿ "ಕಠಿಣ ಬಳಕೆ"ಗೆ ಬೇರೆ ಗಡುವು ಇರುತ್ತದೆ. ಧೂಳು, ಟ್ರಾಫಿಕ್, ನಾಲ್ಕೈದು ಕಿ.ಮೀ. ಓಡಾಟ ಎಲ್ಲವೂ ಕಠಿಣ ಬಳಕೆಯೇ. ನಮ್ಮಲ್ಲಿ ಹೆಚ್ಚಿನವರ ಬಳಕೆ ಅದೇ ತಾನೇ?

ಟರ್ಬೊ ಎಂಜಿನ್‌ನಲ್ಲಿ ಆಯಿಲ್‌ಗೆ ಕೆಲಸ ಜಾಸ್ತಿ. ಸಣ್ಣ ಟರ್ಬೊದ ಶಾಫ್ಟು ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದನ್ನು ಎತ್ತಿ ಹಿಡಿಯುವುದು ತೆಳುವಾದ ಆಯಿಲ್ ಪದರ. ಏರು ಹತ್ತಿ ಬಂದ ಕೂಡಲೇ ಎಂಜಿನ್ ಆಫ್ ಮಾಡಿದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುತ್ತದೆ. ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಓಡಿಸಿ, ಇಲ್ಲವೇ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ.

ಗ್ರೇಡ್ ವಿಷಯದಲ್ಲಿ ಸ್ವಂತ ಬುದ್ಧಿ ಬೇಡ, ಕೈಪಿಡಿ ನೋಡಿ. ಆದರೆ ಕಂಪನಿಗಳೇ ಕೆಲವೊಮ್ಮೆ ಮಾತು ಬದಲಿಸುತ್ತವೆ. 2025ರಲ್ಲಿ ಜನರಲ್ ಮೋಟಾರ್ಸ್ 6.2 ಲೀಟರ್ ವಿ8 ಇರುವ ಸುಮಾರು 7 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿತು. ತಪಾಸಣೆಯಲ್ಲಿ ಪಾಸಾದ ಎಂಜಿನ್‌ಗಳಿಗೆ 0ಡಬ್ಲ್ಯೂ-20 ತೆಗೆದು ದಪ್ಪನೆಯ 0ಡಬ್ಲ್ಯೂ-40 ಆಯಿಲ್ ಹಾಕಲು ಹೇಳಿತು. ಪೆಟ್ರೋಲ್ ಟರ್ಬೊ ಇದ್ದರೆ ಡಬ್ಬದ ಮೇಲೆ ಎಪಿಐ ಎಸ್‌ಪಿ ಗುರುತು ಇದೆಯಾ ನೋಡಿ. 2020ರಲ್ಲಿ ಬಂದ ಈ ದರ್ಜೆ, ಕಡಿಮೆ ವೇಗದಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವುದನ್ನೂ ಚೈನ್ ಸವೆತವನ್ನೂ ತಡೆಯುವಂತೆ ರೂಪಿಸಿದ್ದು. ಟಾಪ್ ಗೇರಿನಲ್ಲಿ ವೇಗ ಸಾಲದೆ ಎಂಜಿನ್ ಗುಯ್ ಅನ್ನುತ್ತಿದ್ದರೂ ಆಕ್ಸಿಲರೇಟರ್ ಒತ್ತುವ ಅಭ್ಯಾಸ ಬಿಟ್ಟರೆ ಇನ್ನೂ ಒಳ್ಳೆಯದು. ಗೇರ್ ಇಳಿಸಿ.

ಇನ್ನು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್. 1,000 ಕಿ.ಮೀ.ಗೆ ಅರ್ಧದಿಂದ 1 ಲೀಟರ್ ಆಯಿಲ್ ಕುಡಿದರೂ "ನಾರ್ಮಲ್" ಎನ್ನುವ ಕಂಪನಿಗಳಿವೆ. ಲೆಕ್ಕ ಹಾಕಿ ನೋಡಿ. 1 ಲೀಟರ್ ಲೆಕ್ಕದಲ್ಲಿ 15,000 ಕಿ.ಮೀ.ಗೆ 15 ಲೀಟರ್! ಒಳಗಿರುವುದೇ ನಾಲ್ಕೈದು ಲೀಟರ್. ಸರ್ವಿಸ್‌ವರೆಗೆ ನೋಡದೇ ಓಡಿಸಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಎರಡು ವಾರಕ್ಕೊಮ್ಮೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಮಟ್ಟ ಇಳಿದರೆ ಮಾತ್ರ ಚಿಂತೆಯಲ್ಲ, ಏರಿದರೂ ಚಿಂತೆಯೇ. ಆಯಿಲ್‌ಗೆ ಇಂಧನ ಬೆರೆತಿರಬಹುದು. ಬೆರಳಿಗೆ ಹಚ್ಚಿ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ. ಬಣ್ಣ ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತು ಎಂದಲ್ಲ, ಡೀಸೆಲ್‌ನಲ್ಲಂತೂ ಬದಲಿಸಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ.

ಹೆಜ್ಜೆ 4: ಇಂಧನದ ಕಡೆ ಗಮನ ಕೊಡಿ

ಹಳೆಯ ಪದ್ಧತಿಯಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂದೆ ಬೀಳುತ್ತಿತ್ತು. ಮೂರ್ನಾಲ್ಕು ಬಾರ್ ಒತ್ತಡ ಸಾಕಿತ್ತು, ವಾಲ್ವೂ ತೊಳೆದುಹೋಗುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ 200ರಿಂದ 350 ಬಾರ್ ಒತ್ತಡದಲ್ಲಿ ನೇರ ಸಿಲಿಂಡರ್‌ಗೆ ಹೋಗುತ್ತದೆ. ವಾಲ್ವ್ ತೊಳೆಯುವವರಿಲ್ಲ, ಕಾರ್ಬನ್ ಕಟ್ಟುತ್ತದೆ. ಬೆಳಿಗ್ಗೆ ಮಿಸ್ಸಿಂಗ್, ಪಿಕಪ್ ಇಲ್ಲ ಅನ್ನುವ ದೂರು ಇದರಿಂದಲೂ ಬರುತ್ತದೆ. ಪೆಟ್ರೋಲ್‌ಗೆ ಹಾಕುವ ಕ್ಲೀನರ್ ಬಾಟಲಿ ಇಲ್ಲಿ ಉಪಯೋಗಕ್ಕಿಲ್ಲ, ಅದು ವಾಲ್ವಿನ ಹಿಂಭಾಗವನ್ನು ಮುಟ್ಟುವುದೇ ಇಲ್ಲವಲ್ಲ! ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ವಾಲ್ನಟ್ ಸಿಪ್ಪೆಯ ಪುಡಿಯನ್ನು ಗಾಳಿಯಲ್ಲಿ ಹೊಡೆದು ಸ್ವಚ್ಛ ಮಾಡುತ್ತಾರೆ. ಟೊಯೋಟಾದ ಡಿ-4ಎಸ್‌ನಂತೆ ಎರಡೂ ಬಗೆಯ ಇಂಜೆಕ್ಟರ್ ಇರುವ ಎಂಜಿನ್‌ಗಳಲ್ಲಿ ಈ ಕಾಟ ಕಡಿಮೆ.

ಡೀಸೆಲ್‌ನಲ್ಲಿ ಇಂಜೆಕ್ಟರ್ ಒತ್ತಡ 2,000 ಬಾರ್ ದಾಟುತ್ತದೆ. ನೀರು, ಕಸ, ತಪ್ಪಿ ಬಿದ್ದ ಪೆಟ್ರೋಲ್ ಯಾವುದನ್ನೂ ಇಂಜೆಕ್ಟರ್ ತಾಳಿಕೊಳ್ಳುವುದಿಲ್ಲ. ಬಂಕಿನಲ್ಲಿ ತಪ್ಪು ಇಂಧನ ಬಿದ್ದರೆ ಇಗ್ನಿಷನ್ ಕೂಡ ಆನ್ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ. ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಬೇಕು. ದಿನಾ ಐದು ಕಿ.ಮೀ. ಓಡಿಸುವವರಿಗೆ ಆ ಬಿಸಿ ಬರುವುದೇ ಇಲ್ಲ. ಅಂಥವರು ಡೀಸೆಲ್ ಗಾಡಿ ಕೊಳ್ಳದಿರುವುದೇ ಅತ್ಯಂತ ಅಗ್ಗದ ರಿಪೇರಿ.

ಹೆಜ್ಜೆ 5: ಬಿಸಿ ಮುಳ್ಳನ್ನು ಪೂರ್ತಿ ನಂಬಬೇಡಿ

ಈಗಿನ ಅನೇಕ ಕಾರುಗಳಲ್ಲಿ ಟೆಂಪರೇಚರ್ ಮುಳ್ಳು ಬೇಕೆಂದೇ ಮಧ್ಯದಲ್ಲಿ ನಿಲ್ಲುವಂತೆ ಮಾಡಿರುತ್ತಾರೆ. ಒಳಗಿನ ಬಿಸಿ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅದು ಅಲುಗದು. ಅಲುಗಿದಾಗ ತಡವಾಗಿರುತ್ತದೆ. ಅಲ್ಯೂಮಿನಿಯಂ ಹೆಡ್ ಒಮ್ಮೆ ಸೊಟ್ಟಗಾದರೆ ಹೆಡ್ ಗ್ಯಾಸ್ಕೆಟ್ ಕೆಲಸ ಬಂತೆಂದೇ ಲೆಕ್ಕ. ಎಂಜಿನ್ ತಂಪಿಡುವ ದ್ರವದ, ಅಂದರೆ ಕೂಲಂಟ್ ಟ್ಯಾಂಕಿನ ಗೆರೆಯನ್ನು ತಂಪಿದ್ದಾಗ ನೋಡಿ. ಪದೇ ಪದೇ ಇಳಿಯುತ್ತಿದ್ದರೆ ನೀರು ತುಂಬಿಸುತ್ತಾ ಕೂರಬೇಡಿ, ಸೋರುವ ಜಾಗ ಹುಡುಕಿಸಿ. ಬಣ್ಣ ಒಂದೇ ಅಂತ ಎರಡು ಕೂಲಂಟ್ ಬೆರೆಸಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ.

ಹೆಜ್ಜೆ 6: ಚೆಕ್ ಎಂಜಿನ್ ದೀಪ ಬಂದರೆ

ದೀಪ ಸುಮ್ನೆ ಉರಿಯುತ್ತಿದ್ದರೆ ಬೇಗ ತೋರಿಸಿ. ಮಿನುಗುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಮಿನುಗುವುದೆಂದರೆ ಜೋರು ಮಿಸ್‌ಫೈರ್, ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಸುಡುತ್ತದೆ, ಕನ್ವರ್ಟರ್ ಕರಗುತ್ತದೆ. ಒಂದು ಇಗ್ನಿಷನ್ ಕಾಯಿಲ್‌ಗೆ ಮುಗಿಯಬೇಕಿದ್ದ ಖರ್ಚು ಪಲ್ಲಾಡಿಯಂ, ರೋಡಿಯಂ ಇರುವ ಪಾರ್ಟ್‌ಗೆ ಹೋಗಿ ನಿಲ್ಲುತ್ತದೆ.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಣ್ಣ ಓಬಿಡಿ ಸ್ಕ್ಯಾನರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಕೋಡ್ ಬರೆದುಕೊಳ್ಳದೆ ಅಳಿಸಲು ಬಿಡಬೇಡಿ, ದೋಷ ಬಂದ ಕ್ಷಣದ ಮಾಹಿತಿಯೂ ಅದರೊಂದಿಗೆ ಹೋಗುತ್ತದೆ. ಕೋಡ್ ಪಾರ್ಟಿನ ಹೆಸರಲ್ಲ ಅನ್ನುವುದೂ ನೆನಪಿರಲಿ. ಪಿ0420 ಬಂದರೆ ಕನ್ವರ್ಟರ್ ಹೋಯಿತು ಅಂತ ಕೆಲವರು ತಕ್ಷಣ ಹೇಳಿಬಿಡುತ್ತಾರೆ. ಎಕ್ಸಾಸ್ಟ್ ಸೋರಿಕೆ ಅಥವಾ ಆಕ್ಸಿಜನ್ ಸೆನ್ಸರ್‌ನಿಂದಲೂ ಅದು ಬರಬಹುದು. ಹಳೇ ಗಾಡಿ ಕೊಳ್ಳುವಾಗ ಗಾಡಿ ತನ್ನ ಒಳ ತಪಾಸಣೆಗಳನ್ನು ಮುಗಿಸಿದೆಯಾ ಎಂದು ತೋರಿಸುವ ರೆಡಿನೆಸ್ ಮಾನಿಟರ್ ಅನ್ನು ಸ್ಕ್ಯಾನರ್‌ನಲ್ಲಿ ನೋಡಿ. ಹಲವು "ಪೂರ್ತಿಯಾಗಿಲ್ಲ" ಎಂದಿದ್ದರೆ ಈಚೆಗೆ ಕೋಡ್ ಅಳಿಸಿರಬಹುದು, ಬ್ಯಾಟರಿ ಬಿಚ್ಚಿರಲೂಬಹುದು. ಯಾವುದು ಅಂತ ಕೇಳಿ.

ಹೆಜ್ಜೆ 7: ದೊಡ್ಡ ಕೆಲಸ ಬಂದೇ ಬಂತು ಅಂದಾಗ

ಮೊದಲು ರೋಗ ಖಚಿತವಾಗಲಿ. ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್, ಅದರಿಂದ ಗಾಳಿ ಸೋರುತ್ತಿದೆಯಾ ಎಂದು ನೋಡುವ ಲೀಕ್‌ಡೌನ್ ಟೆಸ್ಟ್, ಸ್ಪಾರ್ಕ್ ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ನೋಡುವುದು, ಮೂರಕ್ಕೂ ಎಂಜಿನ್ ಬಿಚ್ಚಬೇಕಿಲ್ಲ. ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದವನ್ನು ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರುಗಳಿದ್ದರೆ ಬೇರಿಂಗ್ ಕಡೆ ಅನುಮಾನ. ಆಯಿಲ್ ಕ್ಯಾಪ್ ಕೆಳಗೆ ಕೆನೆಯಂಥ ಬಿಳಿ ಲೇಪ ಕಂಡರೆ, ಕೂಲಂಟ್ ಆಯಿಲ್‌ಗೆ ಸೇರಿತು ಅಂತ ಗಾಬರಿಬೀಳುವ ಮೊದಲು ಒಂದು ದೂರದ ಓಡಾಟ ಮಾಡಿ ಮತ್ತೆ ನೋಡಿ. ಚಳಿಯಲ್ಲಿ, ಸಣ್ಣ ಓಡಾಟದಲ್ಲಿ ತೇವದಿಂದಲೂ ಅದು ಕಟ್ಟುತ್ತದೆ.

ರಿಪೇರಿಯೋ ಬೇರೆ ಗಾಡಿಯೋ ಎನ್ನುವುದನ್ನು ಗಾಡಿಯ ಮಾರುಕಟ್ಟೆ ಬೆಲೆಯೊಂದರಿಂದಲೇ ನಿರ್ಧರಿಸಬೇಡಿ. ಈ ಖರ್ಚನ್ನು, ಆಮೇಲೆ ಗಾಡಿ ಇನ್ನೆಷ್ಟು ವರ್ಷ ಓಡುತ್ತದೋ ಅದರಿಂದ ಭಾಗಿಸಿ. ಬೇರೆ ಗಾಡಿ ಕೊಂಡರೆ ವರ್ಷಕ್ಕೆ ಬೀಳುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ಬಾಡಿ ತುಕ್ಕಿಲ್ಲದೆ, ಗೇರ್‌ಬಾಕ್ಸ್ ಚೆನ್ನಾಗಿದ್ದರೆ ಎಂಜಿನ್ ಕೆಲಸ ಮಾಡಿಸಿದ್ದೇ ಲಾಭ ಅಂತ ಬಹಳ ಸಲ ಗೊತ್ತಾಗುತ್ತದೆ.

ಬೇರೆ ಗಾಡಿಯ ಹಳೇ ಎಂಜಿನ್ ತಂದು ಕೂರಿಸುವುದಾದರೆ ಕೋಡ್ ಪೂರ್ತಿ ಹೊಂದಬೇಕು, ಒಂದಕ್ಷರ ಬೇರೆಯಾದರೂ ವೈರಿಂಗ್ ಕೂರದಿರಬಹುದು. ಎಂಜಿನ್ ನೆಲದ ಮೇಲಿದ್ದಾಗಲೇ ಹಿಂಬದಿಯ ಆಯಿಲ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ಲಚ್ ಹಾಕಿಸಿಬಿಡಿ, ಅವಕ್ಕೆ ಆಗ ಬೇರೆ ಲೇಬರ್ ಇಲ್ಲ. ಹೋದ ಎಂಜಿನ್‌ನಲ್ಲಿ ಬೇರಿಂಗ್ ಪುಡಿಯಾಗಿದ್ದರೆ ಇನ್ನೊಂದು ಎಚ್ಚರ: ಅದರ ಆಯಿಲ್ ಕೂಲರ್ ಮತ್ತು ಟರ್ಬೊಗೆ ಹೋಗುವ ಆಯಿಲ್ ಪೈಪನ್ನು ತಂದ ಎಂಜಿನ್‌ಗೆ ಜೋಡಿಸಲು ಬಿಡಬೇಡಿ. ಕೂಲರ್‌ನ ಸಂದಿಗಳಲ್ಲಿ ಕೂತ ಲೋಹದ ಪುಡಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಎಸ್ಟಿಮೇಟ್‌ನಲ್ಲಿ ಕೂಲರ್ ಹೆಸರು ಇಲ್ಲದಿದ್ದರೆ, ಸಹಿ ಹಾಕುವ ಮೊದಲೇ ಅದನ್ನು ಬರೆಸಿ.