ಲ್ಯಾಪ್‌ಟಾಪ್ ಈಗಲೇ ಕೊಳ್ಳಬೇಕೆ, ಹೊಸ ಚಿಪ್‌ಗೆ ಕಾಯಬೇಕೆ? ಹೀಗೆ ನಿರ್ಧರಿಸಿ

ಅಕ್ಕನ ಮಗಳಿಗೆ ಮಂಡ್ಯದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕ ದಿನದಿಂದ ಮನೆಯಲ್ಲಿ ಲ್ಯಾಪ್‌ಟಾಪಿನದೇ ಮಾತು. ಒಂದು ಭಾನುವಾರ ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋಗಿ ವಿಚಾರಿಸಿಕೊಂಡು ಬಂದೆವು. ಒಂದು ಅಂಗಡಿಯವರು, ‘ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರೋದು ತಗೊಳ್ಳಿ, ಬೆಳಿಗ್ಗೆ ಚಾರ್ಜ್ ಮಾಡಿದ್ರೆ ರಾತ್ರಿವರೆಗೂ ಬರುತ್ತೆ’ ಎಂದರು. ನಾಲ್ಕು ಹೆಜ್ಜೆ ಆಚೆಗಿನ ಅಂಗಡಿಯವರು, ‘ಅದರಲ್ಲಿ ಸಾಫ್ಟ್‌ವೇರ್ ಓಡಲ್ಲ, ಇಂಟೆಲ್‌ನದೇ ಇರಲಿ’ ಎಂದರು. ಮೂರನೆಯವರು ದಸರಾ ಆಫರ್‌ವರೆಗೆ ಕಾಯಲು ಹೇಳಿದರು, ಹೊಸ ಚಿಪ್ ಬರುತ್ತಿದೆಯಂತೆ. ಮೂವರ ಮಾತಿನಲ್ಲೂ ಹುರುಳಿತ್ತು. ಆದರೆ ಹುಡುಗಿ ಏನು ಓದುತ್ತಾಳೆ, ಯಾವ ಸಾಫ್ಟ್‌ವೇರ್ ಬೇಕು ಎಂದು ಒಬ್ಬರೂ ಕೇಳಲಿಲ್ಲ. ನಿರ್ಧಾರ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದ.

ಮೊದಲು, ಬದಲಾಗುತ್ತಿರುವುದು ಏನು ಎಂದು ತಿಳಿದುಕೊಳ್ಳಿ

ಪ್ರತಿ ಪ್ರೊಸೆಸರ್‌ಗೂ, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್‌ಗೂ, ತನಗೆ ಅರ್ಥವಾಗುವ ಒಂದು ಭಾಷೆ ಇರುತ್ತದೆ. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳ ಭಾಷೆಗೆ ಎಕ್ಸ್86 ಎಂದು ಹೆಸರು. ಅದರ ಬೇರು 1978ರ ಇಂಟೆಲ್ 8086 ಚಿಪ್‌ನಲ್ಲಿದೆ. ನಿಮ್ಮ ಜೇಬಿನ ಮೊಬೈಲಿನ ಚಿಪ್ ಆಡುವುದು ಆರ್ಮ್ ಭಾಷೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ 1985ರಲ್ಲಿ ಅದರ ಮೊದಲ ಚಿಪ್ ತಯಾರಾಯಿತು. ಆ್ಯಪಲ್ 2020ರಲ್ಲಿ ತನ್ನ ಲ್ಯಾಪ್‌ಟಾಪ್‌ಗಳನ್ನು ಆರ್ಮ್‌ಗೆ ಬದಲಿಸಿತು. ವಿಂಡೋಸ್ ಕಡೆ ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ಗಳ ಲ್ಯಾಪ್‌ಟಾಪ್‌ಗಳು 2024ರ ಜೂನ್ 18ರಿಂದ ಮಾರುಕಟ್ಟೆಗೆ ಬಂದವು.

ಒಂದು ಭಾಷೆಗೆಂದು ಬರೆದ ಸಾಫ್ಟ್‌ವೇರ್ ಇನ್ನೊಂದು ಭಾಷೆಯ ಚಿಪ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ಅದಕ್ಕೆ ನಡುವೆ ಒಬ್ಬ ದುಭಾಷಿಯನ್ನು ಕೂರಿಸುತ್ತಾರೆ. ಆ್ಯಪಲ್‌ನ ದುಭಾಷಿಯ ಹೆಸರು ರೊಸೆಟಾ 2, ಮೈಕ್ರೋಸಾಫ್ಟ್‌ನದು ಪ್ರಿಸಂ. ಇಬ್ಬರೂ ಚುರುಕು. ಸಾಮಾನ್ಯ ಬಳಕೆಯ ಹಳೆಯ ಸಾಫ್ಟ್‌ವೇರ್‌ಗಳು ಇವರ ಮೂಲಕ ಓಡುತ್ತಿವೆ ಎಂಬುದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ‘ಸಾಫ್ಟ್‌ವೇರ್ ಓಡಲ್ಲ’ ಎಂಬ ಮಾತು ಹುಟ್ಟಿದ್ದು 2012ರ ಸರ್ಫೇಸ್ ಆರ್‌ಟಿ ಎಂಬ ಮೈಕ್ರೋಸಾಫ್ಟ್ ಟ್ಯಾಬ್ಲೆಟ್‌ನ ಕಾಲದಲ್ಲಿ. ಆಗ ದುಭಾಷಿಯೇ ಇರಲಿಲ್ಲ. ಹಾಗಾಗಿ ಆ ಮಾತು ಈಗ ಪೂರ್ತಿ ನಿಜವಲ್ಲ.

ಆದರೆ ಪೂರ್ತಿ ಸುಳ್ಳೂ ಅಲ್ಲ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್‌ನಂಥ ಸಾಧನಗಳನ್ನು ನಡೆಸುವ ಡ್ರೈವರ್ ಇದೆಯಲ್ಲ, ಅದರ ಕೆಲಸ ವಿಂಡೋಸ್‌ನ ಗರ್ಭಗುಡಿಯೊಳಗೆ. ದುಭಾಷಿಗೆ ಅಲ್ಲಿಗೆ ಪ್ರವೇಶವಿಲ್ಲ. ಆರ್ಮ್‌ಗೆಂದೇ ತಯಾರಾದ ಡ್ರೈವರ್ ಇದ್ದರೆ ಸಾಧನ ಓಡುತ್ತದೆ, ಇಲ್ಲದಿದ್ದರೆ ಇಲ್ಲ.

ಇದನ್ನು ನಾನು ಅನುಭವಿಸಿಯೇ ಕಲಿತೆ. ಆರ್ಮ್ ಲ್ಯಾಪ್‌ಟಾಪ್ ತಂದ ದಿನ ಸಂಜೆ, ಸರಸ್ವತಿಪುರಂನ ಮನೆಯಲ್ಲಿ ಹತ್ತು ವರ್ಷದಿಂದ ದುಡಿದ ಲೇಸರ್ ಪ್ರಿಂಟರಿನ ಕೇಬಲ್ ಚುಚ್ಚಿದೆ. ಹಸಿರು ದೀಪ ಎರಡು ಸಲ ಮಿನುಗಿತು, ಒಳಗಿನ ರೋಲರ್ ಒಮ್ಮೆ ‘ಗರ್’ ಎಂದಿತು. ಪರದೆಯ ಮೇಲೆ ಪ್ರಿಂಟರ್ ಹೆಸರು ಬಂತು, ಅದರ ಕೆಳಗೆ ‘ಡ್ರೈವರ್ ಲಭ್ಯವಿಲ್ಲ’ ಎಂಬ ಅರ್ಥದ ಒಂದು ಸಾಲು. ಕಾಗದ ಅಲುಗಲಿಲ್ಲ. ಮರುದಿನ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತೆ. ಕೊಳ್ಳುವ ಮುಂಚೆ ಹತ್ತು ನಿಮಿಷ ವಿಚಾರಿಸಿದ್ದರೆ ಇದು ತಪ್ಪುತ್ತಿತ್ತು. ಈಚಿನ ವೈ-ಫೈ ಪ್ರಿಂಟರ್‌ಗಳಲ್ಲಿ ಬಹುಪಾಲಿಗೆ ಈ ತಾಪತ್ರಯ ಇಲ್ಲ, ವಿಂಡೋಸ್‌ನಲ್ಲೇ ಇರುವ ಸಾಮಾನ್ಯ ಡ್ರೈವರ್ ಅವಕ್ಕೆ ಸಾಕು.

ಒಂದು ಹಾಳೆ ತೆಗೆದುಕೊಂಡು ಪಟ್ಟಿ ಬರೆಯಿರಿ

ಈಗಿನ ಕಂಪ್ಯೂಟರಿನಲ್ಲಿ ಒಂದು ವಾರ ಏನೇನು ತೆರೆಯುತ್ತೀರಿ, ಅದಕ್ಕೆ ಏನೇನು ಚುಚ್ಚುತ್ತೀರಿ, ಎಲ್ಲ ಬರೆಯಿರಿ. ನೆನಪಿನಿಂದ ಬರೆದರೆ ಅರ್ಧ ತಪ್ಪಿಹೋಗುತ್ತದೆ. ವಾರವಿಡೀ ಹಾಳೆ ಕೀಬೋರ್ಡ್ ಪಕ್ಕದಲ್ಲೇ ಇರಲಿ.

ಬ್ರೌಸರ್, ವರ್ಡ್, ಎಕ್ಸೆಲ್, ಝೂಮ್, ಸಿನಿಮಾ, ಪಾಠದ ವಿಡಿಯೊ ಇಷ್ಟೇ ಇದ್ದರೆ ಚಿಂತೆಯೇ ಬೇಡ, ಯಾವ ಚಿಪ್ ಆದರೂ ನಡೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ಆರ್ಮ್‌ನಲ್ಲಿ ದುಭಾಷಿಯ ಹಂಗಿಲ್ಲದೆ ನೇರವಾಗಿಯೇ ಓಡುತ್ತವೆ. ಕ್ರೋಮ್ ಕೂಡ 2024ರಿಂದ ಹಾಗೇ ಸಿಗುತ್ತಿದೆ.

ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕಾದವು ಬೇರೆ. ಜಿಎಸ್‌ಟಿ, ಆದಾಯ ತೆರಿಗೆ ಕೆಲಸಕ್ಕೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚು ತೆಗೆಯುವ ಸಾಧನ, ಹಳೆಯ ಪ್ರಿಂಟರ್, ಎಂಜಿನಿಯರಿಂಗ್ ಡ್ರಾಯಿಂಗ್‌ನ ಸಾಫ್ಟ್‌ವೇರ್, ಪರೀಕ್ಷೆಯ ಹೊತ್ತಿನಲ್ಲಿ ಪರದೆಗೆ ಬೀಗ ಹಾಕುವ ಸಾಫ್ಟ್‌ವೇರ್, ಆನ್‌ಲೈನ್ ಆಟಗಳು. ಪ್ರತಿಯೊಂದಕ್ಕೂ ತಯಾರಕರ ಸೈಟಿಗೆ ಹೋಗಿ ‘ವಿಂಡೋಸ್ ಆನ್ ಆರ್ಮ್’ ಬೆಂಬಲ ಇದೆಯೇ ಎಂದು ಹುಡುಕಿ. ಸ್ಪಷ್ಟವಾಗಿ ಇದೆ ಎಂದಿದ್ದರೆ ಮಾತ್ರ ಹೌದು ಎಂದುಕೊಳ್ಳಿ. ಅಂಗಡಿಯವರ ‘ಓಡುತ್ತೆ ಬಿಡಿ’ಯನ್ನು ಇಲ್ಲಿ ನಂಬಿ ಕೂರಬೇಡಿ.

ಕನ್ನಡ ಟೈಪಿಂಗ್ ಪರೀಕ್ಷಿಸಿ

ನಮ್ಮ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಅಥವಾ ಹೊರದೇಶದ ವಿಮರ್ಶಕರು ಬ್ಯಾಟರಿ ಅಳೆಯುತ್ತಾರೆ, ಆಟ ಆಡಿಸುತ್ತಾರೆ. ನುಡಿ, ಬರಹದಂಥ ಕನ್ನಡ ತಂತ್ರಾಂಶ ಹಾಕಿ ನೋಡುವವರು ಯಾರು?

ಮೊದಲು ಸಮಾಧಾನದ ಮಾತು. ಫಾಂಟ್‌ಗೂ ಫೈಲ್‌ಗೂ ಚಿಪ್‌ನ ಹಂಗಿಲ್ಲ. ಅಗ್ರಹಾರದ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ನುಡಿ ಫಾಂಟ್‌ನಲ್ಲಿ ಕೂರಿಸಿದ ಲಗ್ನಪತ್ರಿಕೆಯ ಪಠ್ಯ, ಅದೇ ಫಾಂಟ್ ಹಾಕಿಕೊಂಡರೆ ಹೊಸ ಲ್ಯಾಪ್‌ಟಾಪಿನಲ್ಲೂ ಹಾಗೇ ಕಾಣುತ್ತದೆ. ತೊಡಕು ಬರಬಹುದಾದದ್ದು ಕೀಲಿ ಒತ್ತುವ ಜಾಗದಲ್ಲಿ. ನೀವು ‘ಕ’ ಒತ್ತಿದಾಗ ಅದನ್ನು ನಡುವೆ ಹಿಡಿದು ಕನ್ನಡವಾಗಿಸಿ ವರ್ಡ್‌ಗೆ ತಲುಪಿಸುವ ತಂತ್ರಾಂಶವು ಬೇರೆ ಸಾಫ್ಟ್‌ವೇರ್‌ಗಳ ಒಳಗೆ ಕೈ ಹಾಕಿ ಕೆಲಸ ಮಾಡುತ್ತದೆ. ಇಂಥ ಕೆಲವು ಕೀಲಿಮಣೆ ತಂತ್ರಾಂಶಗಳು ಆರ್ಮ್ ಯಂತ್ರದಲ್ಲಿ ಸರಿಯಾಗಿ ನಡೆಯದಿರಬಹುದು ಎಂದು ಮೈಕ್ರೋಸಾಫ್ಟೇ ಹೇಳಿದೆ.

ಹೀಗಾಗಿ ಅಂಗಡಿಗೆ ಹೋಗುವಾಗ ನೀವು ಬಳಸುವ ಕನ್ನಡ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಡೆಮೊ ಯಂತ್ರದಲ್ಲಿ ಹಾಕಲು ಅನುಮತಿ ಕೇಳಿ. ನೋಟ್‌ಪ್ಯಾಡ್, ವರ್ಡ್, ಬ್ರೌಸರ್ ಮೂರರಲ್ಲೂ ‘ಶ್ರೀರಂಗಪಟ್ಟಣ’, ‘ಅರ್ಥ’, ‘ವಿಶ್ವೇಶ್ವರಯ್ಯ’ ಎಂದು ಟೈಪ್ ಮಾಡಿ. ಒತ್ತು, ಅರ್ಕಾವತ್ತು, ದೀರ್ಘ ಸರಿಯಾಗಿ ಬಿದ್ದವೇ, ಅಳಿಸುವ ಕೀಲಿ ಒತ್ತಿದಾಗ ಒಂದೊಂದೇ ಅಳಿಯಿತೇ ನೋಡಿ. ನಾಲ್ಕು ಸಾಲು ವೇಗವಾಗಿ ಹೊಡೆದಾಗ ಅಕ್ಷರ ನುಂಗಿದರೆ ಅಲ್ಲೇ ಗೊತ್ತಾಗುತ್ತದೆ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಮಾತ್ರ ಬರೆಯುವವರಾದರೆ ದಾರಿ ಸಲೀಸು. ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ವಿಂಡೋಸ್‌ನಲ್ಲೇ ಇದೆ, ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಕೀಲಿಮಣೆಯನ್ನೂ 2019ರಲ್ಲಿ ಸೇರಿಸಿದ್ದಾರೆ. ಆ್ಯಪಲ್‌ನಲ್ಲೂ ಕನ್ನಡ ಕೀಲಿಮಣೆ ಒಳಗೇ ಬರುತ್ತದೆ. ಇವಕ್ಕೆ ಯಾವ ಚಿಪ್ ಆದರೂ ಒಂದೇ.

ಹಳೆಯ ಬಗೆಯ ಚಿಪ್‌ಗೆ ಎಷ್ಟು ಆಯುಸ್ಸು ಎಂದು ಲೆಕ್ಕ ಹಾಕಿ

ಇಲ್ಲಿ ಆ್ಯಪಲ್ ಮತ್ತು ವಿಂಡೋಸ್ ಲೆಕ್ಕ ಬೇರೆ ಬೇರೆ. ಇದನ್ನು ಬೆರೆಸಿಕೊಂಡೇ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ.

ಆ್ಯಪಲ್ ಬದಲಾದರೆ ಇಡೀ ಮನೆಯೇ ಬದಲಾಗುತ್ತದೆ. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಪವರ್‌ಪಿಸಿ ಚಿಪ್ ಬಿಟ್ಟು ಇಂಟೆಲ್‌ಗೆ ಹೋಗುವುದಾಗಿ ಘೋಷಿಸಿದರು. ಸಾಮಾನ್ಯ ಗ್ರಾಹಕರ ಐಬುಕ್ ಲ್ಯಾಪ್‌ಟಾಪ್ ಜಾಗಕ್ಕೆ ಮ್ಯಾಕ್‌ಬುಕ್ ಬಂದದ್ದು 2006ರ ಮೇ ತಿಂಗಳಲ್ಲಿ, ಅಂದರೆ ಹನ್ನೊಂದು ತಿಂಗಳ ಕಾಯುವಿಕೆ. ಮ್ಯಾಕ್‌ನ ಕಾರ್ಯಾಚರಣೆ ವ್ಯವಸ್ಥೆಯ 2009ರ ಸ್ನೋ ಲೆಪರ್ಡ್ ಆವೃತ್ತಿ ಪವರ್‌ಪಿಸಿ ಯಂತ್ರಗಳಿಗೆ ಬರಲೇ ಇಲ್ಲ.

ಎರಡನೆಯ ಬದಲಾವಣೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2020ರ ಮಾರ್ಚ್‌ನಲ್ಲಿ ಇಂಟೆಲ್ ಚಿಪ್‌ನ ಮ್ಯಾಕ್‌ಬುಕ್ ಏರ್ ಬಂತು, ನಮ್ಮಲ್ಲಿ ಆರಂಭಿಕ ಬೆಲೆ 92,990 ರೂಪಾಯಿ. ಜೂನ್ 22ಕ್ಕೆ ಚಿಪ್ ಬದಲಾವಣೆಯ ಘೋಷಣೆ. ನವೆಂಬರ್‌ನಲ್ಲಿ ಆ್ಯಪಲ್‌ನದೇ ಆರ್ಮ್ ಚಿಪ್ ಎಂ1 ಇರುವ ಏರ್, ಹೆಚ್ಚುಕಡಿಮೆ ಅದೇ ಬೆಲೆಗೆ, 92,900 ರೂಪಾಯಿಗೆ. ಹೊಸದರಲ್ಲಿ ಫ್ಯಾನ್ ಇಲ್ಲ, ಸದ್ದಿಲ್ಲ, ವೇಗ ಮತ್ತು ಬ್ಯಾಟರಿ ಎರಡರಲ್ಲೂ ಹಳೆಯದಕ್ಕಿಂತ ಬಹಳ ಮುಂದೆ. ಎಂಟು ತಿಂಗಳು ಮೊದಲು ಕೊಂಡವರ ಯಂತ್ರಕ್ಕೆ 2024ರ ಸಿಕೋಯಾ ಆವೃತ್ತಿಯೇ ಕೊನೆ, 2025ರ ಟಾಹೋ ಅದಕ್ಕೆ ಬರಲಿಲ್ಲ. ಎಂ1ಗೆ ಬಂತು. ಇಂಟೆಲ್ ಮ್ಯಾಕ್‌ಗಳಲ್ಲಿ ಕೆಲವಕ್ಕೆ ಮಾತ್ರ ಟಾಹೋ ಸಿಕ್ಕಿತು, ಅವುಗಳಿಗೂ ಅದೇ ಕೊನೆಯ ಆವೃತ್ತಿ. ಆದ್ದರಿಂದ ಹಳೆಯ ಇಂಟೆಲ್ ಮ್ಯಾಕ್‌ಬುಕ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ದಯವಿಟ್ಟು ಬೇಡ ಅನ್ನಿ.

ವಿಂಡೋಸ್‌ನಲ್ಲಿ ಹಾಗಲ್ಲ. ಅಲ್ಲಿ ಎರಡೂ ಬಗೆ ಅಕ್ಕಪಕ್ಕ ಬಾಳುತ್ತಿವೆ. ಇಂಟೆಲ್, ಎಎಂಡಿ ಕೈಕಟ್ಟಿ ಕೂತಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಬಂದ ಕೆಲವೇ ತಿಂಗಳಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ, ಇಂಟೆಲ್ ತನ್ನ ಕೋರ್ ಅಲ್ಟ್ರಾ 200ವಿ ಚಿಪ್‌ಗಳನ್ನು ತಂದು ಎಕ್ಸ್86ನಲ್ಲೂ ಬ್ಯಾಟರಿ ದೀರ್ಘಕಾಲ ಬರಬಲ್ಲದು ಎಂದು ತೋರಿಸಿತು. ವಿಂಡೋಸ್‌ನ ಎಕ್ಸ್86 ಲ್ಯಾಪ್‌ಟಾಪ್ ಕೊಂಡರೆ ನಾಳೆಯೇ ಮೂಲೆಗೆ ಬೀಳುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಕಾಯುವುದಕ್ಕೂ ಖರ್ಚಿದೆ

ಘೋಷಣೆಯಾದ ದಿನ ಬೇರೆ, ಸರಕು ಮೈಸೂರಿನ ಅಂಗಡಿಗೆ ಬರುವ ದಿನ ಬೇರೆ, ಬೆಲೆ ಇಳಿಯುವ ದಿನ ಇನ್ನೂ ಬೇರೆ. ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್ ತೋರಿಸಿ ಒಂದು ತಿಂಗಳೊಳಗೆ ಮಾರಾಟ ಶುರುವಾಯಿತು. ಮುಂದಿನ ಎಕ್ಸ್2 ಚಿಪ್‌ಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗಲೇ ಲ್ಯಾಪ್‌ಟಾಪ್ ಬರುವುದು 2026ರ ಮೊದಲಾರ್ಧದಲ್ಲಿ ಎಂದರು. ಹಾಗಾಗಿ ಘೋಷಣೆ ನೋಡಿ ಕಾಯಲು ಕೂರಬೇಡಿ. ಮಾರಾಟದ ದಿನಾಂಕ, ಬೆಲೆ ಎರಡೂ ಹೊರಬಿದ್ದಿದ್ದರೆ ಮಾತ್ರ ಕಾಯಿರಿ. ಆಮೇಲೂ ಮೊದಲ ತಿಂಗಳು ಬಿಟ್ಟುಕೊಡಿ, ಕೊಂಡವರ ಅನುಭವ ಹೊರಬರಲಿ.

ಸೆಮಿಸ್ಟರ್ ಶುರುವಾಗಿದ್ದು ಮಗುವಿಗೆ ಯಂತ್ರವೇ ಇಲ್ಲವೆಂದರೆ ಕಾಯುವ ಪ್ರಶ್ನೆ ಬೇಡ. ವಿಂಡೋಸ್ 10 ಯಂತ್ರದಲ್ಲೇ ಬ್ಯಾಂಕ್ ವ್ಯವಹಾರ ಮಾಡುತ್ತಿರುವವರೂ ತಡಮಾಡಬಾರದು. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗಿನ ಯಂತ್ರ ವಿಂಡೋಸ್ 11ರಲ್ಲಿ ಚೆನ್ನಾಗಿ ನಡೆಯುತ್ತಿದ್ದರೆ ಮಾತ್ರ ಕಾಯುವುದು ಲಾಭ.

ಇನ್ನು ಬ್ಯಾಟರಿ. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ಮನೆಯಲ್ಲಿ ಕರೆಂಟಿನ ಭರವಸೆ ಇಲ್ಲದ ವಿದ್ಯಾರ್ಥಿಗೆ ಅದು ಅನುಕೂಲವಷ್ಟೇ ಅಲ್ಲ, ಓದು ನಡೆಯುವ ದಾರಿ. ಅವರ ಪಟ್ಟಿಯಲ್ಲಿ ಕೆಂಪು ಗುರುತು ಒಂದೂ ಇಲ್ಲದಿದ್ದರೆ ನಾನು ಧಾರಾಳವಾಗಿ ಆರ್ಮ್ ಕಡೆಗೇ ಕೈ ತೋರಿಸುತ್ತೇನೆ.

ಅಂಗಡಿಯಲ್ಲಿ ನಿಂತಾಗ

ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ನೋಡಿ ಸುಮ್ಮನಾಗಬೇಡಿ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಕೊನೆಯಲ್ಲಿ ಅಬೌಟ್ ತೆರೆಯಿರಿ. ಸಿಸ್ಟಮ್ ಟೈಪ್ ಎಂಬ ಸಾಲಿನಲ್ಲಿ ಎಕ್ಸ್64 (ಎಕ್ಸ್86ರ ಈಗಿನ 64 ಬಿಟ್ ರೂಪ) ಅಥವಾ ಆರ್ಮ್ ಎಂದು ಬರೆದಿರುತ್ತದೆ. ಯಾವ ಸಾಫ್ಟ್‌ವೇರ್ ದುಭಾಷಿಯ ಮೂಲಕ ಓಡುತ್ತಿದೆ ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಆರ್ಕಿಟೆಕ್ಚರ್ ಎಂಬ ಕಾಲಂ ಸೇರಿಸಿಕೊಳ್ಳಿ.

ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ‘ಆಮೇಲೆ ಹಾಕಿಸಿಕೊಂಡರಾಯಿತು’ ಎಂಬ ನಮ್ಮ ಹಳೆಯ ರೂಢಿ ಇಲ್ಲಿ ನಡೆಯುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ಆ್ಯಪಲ್, ಇಂಟೆಲ್ 200ವಿ ಯಂತ್ರಗಳಲ್ಲಿ ರ್‍ಯಾಮ್ ಅಂಟಿಕೊಂಡೇ ಬಂದಿರುತ್ತದೆ, ಬಿಚ್ಚಿ ಹೆಚ್ಚಿಸಲು ಬರುವುದಿಲ್ಲ. ಟೋಕನ್ ಅಥವಾ ಪ್ರಿಂಟರ್ ಓಡದಿದ್ದರೆ ವಾಪಸ್ ತೆಗೆದುಕೊಳ್ಳುವಿರಾ, ಎಷ್ಟು ದಿನದೊಳಗೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಕೊಂಡ ದಿನ ರಾತ್ರಿಯೇ ಪಟ್ಟಿಯಲ್ಲಿದ್ದ ಎಲ್ಲವನ್ನೂ ಒಂದೊಂದಾಗಿ ಚುಚ್ಚಿ ನೋಡಿ.

ನಮ್ಮ ಹುಡುಗಿ ಸೀನಿಯರ್‌ಗಳನ್ನೂ ಲ್ಯಾಬ್‌ನವರನ್ನೂ ಕೇಳಿಕೊಂಡು ಬಂದಳು. ಪಟ್ಟಿಯಲ್ಲಿ ಎರಡು ಡ್ರಾಯಿಂಗ್ ಸಾಫ್ಟ್‌ವೇರ್‌ಗಳಿಗೆ ಕೆಂಪು ಗುರುತು ಬಿತ್ತು. ದಸರೆಗೆ ಕಾಯದೆ 16 ಜಿಬಿಯ ಎಕ್ಸ್86 ಲ್ಯಾಪ್‌ಟಾಪ್ ಕೊಂಡೆವು. ಮದ್ದೂರಿನ ಶಾಲೆಯಲ್ಲಿ ಪಾಠ ಮಾಡುವ ಅಕ್ಕನ ಪಟ್ಟಿಯಲ್ಲಿ ಇದ್ದದ್ದು ಬ್ರೌಸರ್, ವರ್ಡ್ ಮತ್ತು ಯುನಿಕೋಡ್ ಕನ್ನಡ. ಅವಳ ಹಳೆಯ ಯಂತ್ರ ಇನ್ನೂ ಗಟ್ಟಿಯಾಗಿದೆ. ಅವಳು ಮುಂದಿನ ಆರ್ಮ್ ಲ್ಯಾಪ್‌ಟಾಪ್‌ಗಳ ಬೆಲೆ ನೋಡಿಕೊಂಡು ಆಯುಧಪೂಜೆಯ ಹೊತ್ತಿಗೆ ಕೊಳ್ಳುತ್ತಾಳೆ.