ಕುತ್ತಿಗೆಗೆ ಕೈ ಹಾಕುವ ಮುನ್ನ

ಕುತ್ತಿಗೆ ನೋವು, ತಲೆನೋವು ಎಂದು ಬಂದವರನ್ನು ಮಲಗಿಸಿ ನೇರವಾಗಿ ಒತ್ತಲು ಶುರುಮಾಡುವ ಕಿರಿಯ ಫಿಸಿಯೋಥೆರಪಿಸ್ಟ್‌ಗಳನ್ನು ಎಷ್ಟೋ ಸಲ ತಡೆದಿದ್ದೇನೆ. ಮಿದುಳಿಗೆ ರಕ್ತ ಒಯ್ಯುವ ಎರಡು ಕೆರೋಟಿಡ್, ಎರಡು ವರ್ಟಿಬ್ರಲ್ ಅಪಧಮನಿಗಳು ಹಾದುಹೋಗುವುದು ಕುತ್ತಿಗೆಯಲ್ಲೇ. ಅವುಗಳ ಒಳಪದರ ಹರಿದಾಗ ಎಷ್ಟೋ ಸಲ ಮೊದಲು ಬರುವುದು ಬರೀ ನೋವು. ಪಾರ್ಶ್ವವಾಯು ಗಂಟೆಗಳೋ ದಿನಗಳೋ ಕಳೆದ ಮೇಲೆ ಬರಬಹುದು. ಆ ನಡುವಿನ ಹೊತ್ತಿನಲ್ಲಿ ರೋಗಿ ನಮ್ಮೆದುರು ಕೂತಿರುತ್ತಾರೆ.

ಹಂತ 1: ಕೇಳಿ

ಟಿಕ್ ಹಾಕುವ ಫಾರಂ ಕೈಗೆ ಕೊಟ್ಟು ಕೂರಿಸಬೇಡಿ. “ಇಂಥ ನೋವು ಹಿಂದೆ ಯಾವಾಗಲಾದರೂ ಬಂದಿತ್ತಾ?” ಎಂದು ಕೇಳಿ, ಸುಮ್ಮನಿರಿ. “ಇಲ್ಲ, ಇದು ಬೇರೆ ಥರ” ಎಂದರೆ ಅಲ್ಲೇ ನಿಲ್ಲಿ. ಪೆಟ್ಟಾಗಿತ್ತಾ ಎಂದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ, ಏಕೆಂದರೆ ಅವರ ಮನಸ್ಸಿನಲ್ಲಿರುವುದು ದೊಡ್ಡ ಅಪಘಾತ. ಭಾರ ಎತ್ತಿದ್ದು, ಜೋರಾಗಿ ಕೆಮ್ಮಿದ್ದು, ಕುತ್ತಿಗೆ ಥಟ್ಟನೆ ತಿರುಗಿದ್ದು, ಒಂದೊಂದನ್ನೂ ಬಿಡಿಸಿ ಕೇಳಿ. ಇತ್ತೀಚಿನ ಸೋಂಕು, ಮೈಗ್ರೇನ್ ಕೂಡ ಲೆಕ್ಕಕ್ಕೆ ಬರುತ್ತವೆ. ಚಿಕ್ಕ ವಯಸ್ಸು ಎಂದು ನಿರಾಳವಾಗಬೇಡಿ: 50ರ ಒಳಗಿನವರ ಪಾರ್ಶ್ವವಾಯುವಿಗೆ ಅಪಧಮನಿ ಹರಿಯುವುದು ಮುಖ್ಯ ಕಾರಣಗಳಲ್ಲೊಂದು. 50 ದಾಟಿದವರಲ್ಲಿ ಹೊಸ ತಲೆನೋವಿದ್ದರೆ, ಅಗಿಯುವಾಗ ದವಡೆ ನೋಯುತ್ತದೆಯೇ, ತಲೆ ಬಾಚುವಾಗ ನೆತ್ತಿ ನೋಯುತ್ತದೆಯೇ ಕೇಳಿ. ಅದು ಅಪಧಮನಿಯ ಉರಿಯೂತ ಇರಬಹುದು, ಕಣ್ಣನ್ನೇ ಕಳೆಯಬಹುದು.

ಹಂತ 2: ಬಿ.ಪಿ.

ಐದು ನಿಮಿಷ ಕೂರಿಸಿ, ತೋಳು ಎದೆಯ ಮಟ್ಟಕ್ಕಿಟ್ಟು, ಅಳತೆಗೆ ಸರಿಯಾದ ಪಟ್ಟಿ ಕಟ್ಟಿ ನೋಡಿ. ಮಣಿಕಟ್ಟಿನ ಯಂತ್ರ ನನಗೆ ಬೇಡವೇ ಬೇಡ.

ಹಂತ 3: ಮುಖ ನೋಡಿ

ಹೆಚ್ಚು ಜನ ಎಡವುವುದು ಇಲ್ಲೇ. ಒಂದು ರೆಪ್ಪೆ ತುಸು ಇಳಿದಿದ್ದರೆ “ನಿದ್ದೆಗೆಟ್ಟ ಕಣ್ಣು” ಎಂದು ಬಿಟ್ಟುಬಿಡುತ್ತಾರೆ. ಕೋಣೆಯ ಬೆಳಕು ತಗ್ಗಿಸಿ, ಎರಡೂ ಪಾಪೆಗಳನ್ನು ಹೋಲಿಸಿ. ಸರಿಯಿರುವ ಪಾಪೆ ಹಿಗ್ಗುತ್ತದೆ. ಇನ್ನೊಂದು ಸಣ್ಣದಾಗಿಯೇ ಉಳಿದರೆ ಅದೇ ಬದಿಯ ಕೆರೋಟಿಡ್ ಮೇಲೆ ಅನುಮಾನಪಡಿ. ಆಮೇಲೆ ಮಾತಿನ ತೊದಲು, ನುಂಗಲು ಕಷ್ಟ, ಎರಡೆರಡಾಗಿ ಕಾಣುವುದು, ನಡಿಗೆಯ ತೂರಾಟ ಇವೆಯೇ ನೋಡಿ.

ತಲೆಯನ್ನು ಹಿಂದಕ್ಕೆ ಬಾಗಿಸಿ, ತಿರುಗಿಸಿ ಹಿಡಿದು ತಲೆಸುತ್ತು ಬರುತ್ತದೆಯೇ ಎಂದು ಕಾಯುವ ಹಳೆಯ ಪರೀಕ್ಷೆ ಬೇಡ. ಸುತ್ತು ಬರಲಿಲ್ಲ ಎಂದ ಮಾತ್ರಕ್ಕೆ ರಕ್ತನಾಳ ಸರಿಯಿದೆ ಎಂದರ್ಥವಲ್ಲ. 2020ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಇದನ್ನು ಶಿಫಾರಸು ಮಾಡುವುದಿಲ್ಲ.

ಹಂತ 4: ಕಳಿಸಿ

ಅನುಮಾನ ಬಂದರೆ ಕುತ್ತಿಗೆ ಮುಟ್ಟದೆ, “ನಾಳೆ ನೋಡೋಣ” ಎನ್ನದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕಳಿಸಿ. ಅವರೇ ಗಾಡಿ ಓಡಿಸಿಕೊಂಡು ಹೋಗುವುದು ಬೇಡ. ಚೀಟಿಯಲ್ಲಿ “ಕುತ್ತಿಗೆ ನೋವು” ಎಂದಷ್ಟೇ ಗೀಚಬೇಡಿ. ನೋವು ಶುರುವಾದ ಹೊತ್ತು, ಬಿ.ಪಿ., ಯಾವ ಬದಿಯ ರೆಪ್ಪೆ, “ಅಪಧಮನಿ ಹರಿದಿರುವ ಶಂಕೆ, ಆಂಜಿಯೋಗ್ರಾಮ್ ಬೇಕಾಗಬಹುದು” ಎಂಬುದನ್ನು ಬರೆದು, ಫೋನ್ ಮಾಡಿಯೂ ತಿಳಿಸಿ.